ನಂಬರುಗಳ ಪಟ್ಟಿ ಯಾರ ಕೈಯಲ್ಲಿತ್ತು

ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಸುಮಾರು ಆರು ವಾರ ನಾನು ನನ್ನ ಜೊತೆಯಲ್ಲೇ ಓದುತ್ತಿದ್ದ ಗೆಳತಿಯೊಬ್ಬಳನ್ನು ಕಳ್ಳಿ ಎಂದು ನಂಬಿದ್ದೆ. ಆ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ದಿನವೂ ಅವಳ ಪಕ್ಕದಲ್ಲಿ ಕೂತು, ಅವಳ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಸಿಕೊಂಡು ತಿನ್ನುತ್ತಾ, ಅವಳ ಚೀಲದಲ್ಲಿ ಏನಿದೆ ಎಂದು ಓರೆಗಣ್ಣಿನಿಂದ ನೋಡುತ್ತಿದ್ದೆ.

ನಮ್ಮ ಕಾಲೇಜು ಮರಾಠಿ ನಾಡಿನ ಘಣಸೋಲಿ ರೈಲು ಸ್ಟೇಷನ್ನಿನಿಂದ ಹತ್ತು ನಿಮಿಷದ ಬಸ್ಸಿನ ದಾರಿ. ಅಲ್ಲಿ ನಾವಿಬ್ಬರೂ ಕನ್ನಡದವರು ಎಂದು ತಿಳಿದದ್ದು ಮೊದಲ ವರ್ಷ, ಅವಳು ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಫೋನಿನಲ್ಲಿ ಅವ್ವನಿಗೆ ಏನೋ ಹೇಳುತ್ತಿದ್ದಾಗ. ಅವಳ ಅಪ್ಪ ವಿಜಯಪುರದ ಕಡೆಯವರು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಹಾಕುವ ಬಣ್ಣದ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಇಳಿಸುವ ಕೆಲಸಕ್ಕಿದ್ದರು. ನನ್ನ ಅಪ್ಪ ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿದ್ದರು. ನಮ್ಮದು ಐರೋಲಿಯಲ್ಲಿ ಸ್ವಂತ ಫ್ಲಾಟು. ನಾನು ಹುಟ್ಟಿದ್ದೇ ಇಲ್ಲಿ. ಅಮ್ಮನ ಜೊತೆ ಕನ್ನಡ, ತಮ್ಮನ ಜೊತೆ ಹಿಂದಿ. ಅವಳ ಕನ್ನಡ ನನಗೆ ಮೊದಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. ಟಿವಿಯ ವಾರ್ತೆ ಓದಿದ ಹಾಗೆ ಮಾತಾಡುತ್ತೇನಂತೆ.

ಎಸ್ಸೆಮ್ಮೆಸ್ಸಿನಲ್ಲಿ ಕಾಲೇಜಿನ ಸುದ್ದಿ ತಿಳಿಸುವ ಮೆಸೇಜ್ ಸೇವೆಯ ಯೋಚನೆ ಅವಳದೇ. ನಮ್ಮ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಾಗುವಷ್ಟರಲ್ಲಿ ನೂರಾರು ಮೆಸೇಜುಗಳು ಬಿದ್ದಿರುತ್ತಿದ್ದವು. ಹುಟ್ಟುಹಬ್ಬದ ಶುಭಾಶಯ, ಜೋಕು, ಕ್ರಿಕೆಟ್ಟು. ಅವುಗಳ ನಡುವೆ, ಇವತ್ತಿನ ಲೆಕ್ಚರ್ ಬೇರೆ ರೂಮಿನಲ್ಲಿದೆ ಎಂಬ ಒಂದು ಸಾಲು. ಅವಳ ಬಳಿ ಇದ್ದದ್ದು ಬಟನ್ ಫೋನು. ಮನೆಯ ಒಂದೇ ಸ್ಮಾರ್ಟ್‌ಫೋನನ್ನು ಪಾರ್ಸೆಲ್ ಹಂಚುವ ಕೆಲಸದ ಅವಳ ಅಣ್ಣ ತೆಗೆದುಕೊಂಡು ಹೋಗುತ್ತಿದ್ದ. ಹೀಗಾಗಿ ಒಂದು ಟೆಸ್ಟು ಅವಳಿಗೆ ತಪ್ಪಿಹೋಯಿತು. ಇಡೀ ತರಗತಿ ಮೂರನೆಯ ಮಹಡಿಯಲ್ಲಿ ಬರೆಯುತ್ತಿದ್ದರೆ ಅವಳು ನೆಲಮಹಡಿಯ ಖಾಲಿ ರೂಮಿನಲ್ಲಿ ಪೆನ್ನು ಹಿಡಿದು ಕೂತಿದ್ದಳು.

ನಾನು ಮನೆಯಲ್ಲಿ ಬಿದ್ದಿದ್ದ ಒಂದು ಹಳೆಯ ಆಂಡ್ರಾಯ್ಡ್ ಫೋನು ತಂದೆ. ಅದರಲ್ಲಿ ಒಂದು ಸಿಮ್ ನನ್ನದು, ಒಂದು ಅವಳದು. ಪ್ರೋಗ್ರಾಂ ಬರೆದದ್ದು ಹೆಚ್ಚುಪಾಲು ಅವಳು. 'ರೂಮ್' ಎಂದು ಮೆಸೇಜ್ ಕಳಿಸಿದರೆ ಮುಂದಿನ ಲೆಕ್ಚರ್ ಎಲ್ಲಿ ಎಂದು ಉತ್ತರ ಹೋಗುತ್ತಿತ್ತು, 'ಬಸ್' ಎಂದರೆ ಸ್ಟೇಷನ್ನಿಗೆ ಹೋಗುವ ಬಸ್ಸಿನ ಹೊತ್ತು. ಇಂಟರ್ನೆಟ್ ಬೇಕಿರಲಿಲ್ಲ. ಇಂಟರ್ನೆಟ್ ಸರಿಯಾಗಿ ಸಿಗದ ಹಿಂದಿನ ವರ್ಕ್‌ಶಾಪಿನಲ್ಲೂ ಕೆಲಸ ಮಾಡುತ್ತಿದ್ದದ್ದರಿಂದ, ದುಬಾರಿ ಫೋನಿದ್ದವರೂ ಬಳಸತೊಡಗಿದರು. ಒಂದು ಸಿಮ್ಮಿನಿಂದ ದಿನಕ್ಕೆ ಇಷ್ಟೇ ಮೆಸೇಜು ಎಂಬ ಮಿತಿ ಇದ್ದುದರಿಂದ, ಹೆಸರು, ನಂಬರು, ಡಿವಿಷನ್ ಬರೆಸಿದವರಿಗೆ ಮಾತ್ರ ಉತ್ತರ ಎಂದು ಮಾಡಿದೆವು. ಮುನ್ನೂರು ಚಿಲ್ಲರೆ ಜನ ಬರೆಸಿದರು.

ಅನುಮಾನ ಮೊದಲ ದಿನದಿಂದಲೇ ಇತ್ತು. ಯಾರೋ ಒಬ್ಬರು ಕಳಿಸಿದ ಮೊದಲ ಮೆಸೇಜು ರೂಮಿನದೂ ಅಲ್ಲ, ಬಸ್ಸಿನದೂ ಅಲ್ಲ: 'ಕೌನ್ ಪಢ್ ರಹಾ ಹೈ?' ಇದನ್ನು ಯಾರು ಓದುತ್ತಿದ್ದಾರೆ ಎಂದು. ಕಾಲೇಜಿನವರೇ ಇದನ್ನು ಮಾಡಿಸಿದ್ದಾರೆ, ಯಾರು ತಡವಾಗಿ ರೂಮು ಕೇಳುತ್ತಾರೆ ಎಂದು ನೋಡಿ ಹಾಜರಿ ಕಡಿಮೆ ಮಾಡುತ್ತಾರೆ ಎಂದು ಕೆಲವರು ಹೇಳಿಕೊಂಡು ತಿರುಗಿದರು. ನಾವಿಬ್ಬರೂ ನಕ್ಕೆವು. ಆದರೂ ಒಂದು ನಿಯಮ ಮಾಡಿಕೊಂಡೆವು: ಫೋನಿಗೆ ಬಂದ ಮೆಸೇಜುಗಳನ್ನು ತೆರೆದು ಓದಬಾರದು, ಏನಾದರೂ ಕೆಟ್ಟಾಗ ಮಾತ್ರ ನೋಡಬೇಕು.

ಆ ಸೆಮಿಸ್ಟರಿನ ಪ್ರಾಜೆಕ್ಟಾಗಿ ಇದನ್ನೇ ಕೊಟ್ಟೆವು. ಇದನ್ನು ನಿಜವಾಗಿ ಎಷ್ಟು ಜನ ಬಳಸುತ್ತಾರೆ ಎಂಬುದನ್ನು ವರದಿಯಲ್ಲಿ ತೋರಿಸಬೇಕು ಎಂದು ನಮ್ಮ ಸರ್ ಹೇಳಿದರು. ನಾನು ಇಡೀ ಪಟ್ಟಿಯನ್ನೇ ಹಿಂದೆ ಸೇರಿಸೋಣ ಎಂದೆ. ಅವಳು ಒಪ್ಪಲಿಲ್ಲ.

"ಹೆಸರು, ನಂಬರ್ ಬ್ಯಾಡ. ಎಷ್ಟ ಮಂದಿ ಅಂತ ಅಷ್ಟ ಹಾಕು," ಎಂದಳು.

ವರದಿ ತೆಳ್ಳಗೆ ಕಾಣುತ್ತದೆ ಎಂದು ನಾನು ವಾದಿಸಿದೆ. ಪ್ರಿಂಟ್ ತೆಗೆಸುವ ಕೆಲಸ ನನ್ನದಾಗಿತ್ತು. ಐರೋಲಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿನ ಝೆರಾಕ್ಸ್ ಅಂಗಡಿಗೆ ಫೈಲು ಕಳಿಸುವ ಮುಂಚೆ ಪಟ್ಟಿಯನ್ನು ಸೇರಿಸಿಬಿಟ್ಟೆ. ಸ್ಪೈರಲ್ ಬೈಂಡಿಂಗ್ ಆಗಿ ಬಂದ ಮೇಲೆ ಅವಳು ಕೊನೆಯ ಪುಟಗಳನ್ನು ತಿರುವಿ ನೋಡಿದಳು. ಮುಚ್ಚಿ ನನ್ನ ಕೈಗೆ ಕೊಟ್ಟಳು.

ಅದಾಗಿ ಮೂರು ವಾರಕ್ಕೆ ಫೋನುಗಳು ಶುರುವಾದವು. ವಿದೇಶದಲ್ಲಿ ಓದಲು ಸೀಟು ಕೊಡಿಸುತ್ತೇವೆ ಎನ್ನುವ ಒಂದು ಏಜೆನ್ಸಿಯವರದು. ಅವರಿಗೆ ನಮ್ಮ ಹೆಸರು ಗೊತ್ತು, ವರ್ಷ ಗೊತ್ತು, ಡಿವಿಷನ್ನೂ ಗೊತ್ತು. ಲೆಕ್ಚರಿನ ನಡುವೆ, ಊಟದ ಹೊತ್ತಿನಲ್ಲಿ, ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದ್ದವು. ಎಲ್ಲಿಂದ ಸಿಕ್ಕಿರಬಹುದು ಎಂದು ಎಲ್ಲರೂ ತಲೆಕೆಡಿಸಿಕೊಂಡಿದ್ದಾಗ ಒಬ್ಬ ಹುಡುಗ ಎದ್ದು ನಿಂತ. ನಮ್ಮ ಸೇವೆಗೆ ಹೆಸರು ಬರೆಸುವಾಗ ತಮಾಷೆಗೆಂದು ಅವನು ತನ್ನ ಹೆಸರನ್ನು 'ಕಲ್ ಆನಾ', ಅಂದರೆ ನಾಳೆ ಬಾ, ಎಂದು ಬರೆಸಿದ್ದ. ಏಜೆನ್ಸಿಯ ಹೆಂಗಸು ಅವನಿಗೆ ಫೋನ್ ಮಾಡಿ, 'ಕಲ್ ಆನಾ ಜೀ ಬೋಲ್ ರಹೇ ಹೈಂ?', ಕಲ್ ಆನಾ ಅವರೇ ಮಾತಾಡುತ್ತಿರುವುದೇ, ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಳು. ತರಗತಿಯೆಲ್ಲ ನಕ್ಕಿತು. ಆಮೇಲೆ ಒಟ್ಟಿಗೆ ನಮ್ಮಿಬ್ಬರ ಕಡೆ ತಿರುಗಿತು.

ಸರ್ ನಮ್ಮನ್ನು ಕರೆದು ಕೇಳಿದರು. ಪಟ್ಟಿ ನಮ್ಮಿಬ್ಬರ ಹತ್ತಿರ ಮಾತ್ರ ಇದೆ ಎಂದೆ. ಹೊರಗೆ ಬಂದಾಗ ನನ್ನ ತಲೆಯಲ್ಲಿ ಒಂದೇ ಲೆಕ್ಕ: ನಾನು ಕೊಟ್ಟಿಲ್ಲ, ಹಾಗಾದರೆ ಅವಳೇ. ಆ ಲೆಕ್ಕ ನನಗೆ ಎಷ್ಟು ಸುಲಭವಾಗಿ ಹೊಳೆಯಿತು ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಸರ್ ಮೇಜಿನ ಮೇಲೇ ನಮ್ಮ ವರದಿ ಇತ್ತು. ಅದನ್ನು ನಾನು ನೋಡಿದೆ, ಆದರೆ ಅದೂ ಪಟ್ಟಿಯೇ ಎಂದು ನನಗೆ ಅನ್ನಿಸಲಿಲ್ಲ.

ಅದೇ ವಾರ ಅವಳ ಕೈಯಲ್ಲಿ ಸ್ಮಾರ್ಟ್‌ಫೋನು ಕಂಡಿತು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿ, "ಅವರಪ್ಪ ಕೂಲಿ ಕೆಲಸದಲ್ಲಿದ್ದಾರೆ ಅಂದಿದ್ದೆ. ಫೋನ್ ಎಲ್ಲಿಂದ ಬಂತಂತೆ? ಹುಷಾರಾಗಿರು ಕಣೇ," ಎಂದರು. ನಾನು ಆ ಹೊತ್ತಿಗೆ ಅಮ್ಮನನ್ನು ಗದರಿದೆ. ಆದರೆ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಕ್ಕೆಂದೇ ಹೇಳಿದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ನಿಯಮ ಮುರಿದದ್ದು ನಾನೇ. ಲ್ಯಾಬಿನ ಡ್ರಾಯರಿನಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ ಹಳೆಯ ಫೋನನ್ನು, ಅವಳು ಲೈಬ್ರರಿಗೆ ಹೋಗಿದ್ದಾಗ ತೆಗೆದು, ಹೋದ ಬಂದ ಮೆಸೇಜುಗಳನ್ನೆಲ್ಲ ಓದಿದೆ. ಅವಳು ಹೊರಗಿನ ಯಾರಿಗಾದರೂ ಏನಾದರೂ ಕಳಿಸಿದ್ದಾಳೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಬೇರೆಯವರ ಮಾತುಗಳು. ಒಬ್ಬಳು ಆ ಯಂತ್ರಕ್ಕೆ, ಇವತ್ತು ಬಸ್ ಹತ್ತಿ ಮನೆಗೆ ಹೋಗಲು ಮನಸ್ಸಿಲ್ಲ ಎಂದು ಬರೆದಿದ್ದಳು. ಉತ್ತರವಾಗಿ ಅವಳಿಗೆ ಬಸ್ಸಿನ ಹೊತ್ತು ಹೋಗಿತ್ತು. ನಾನು ಓದಬಾರದ್ದನ್ನು ಓದಿ, ಬೇಕಾದದ್ದು ಸಿಗಲಿಲ್ಲ ಎಂಬ ಸಿಟ್ಟಿನಲ್ಲಿ ಡ್ರಾಯರ್ ಮುಚ್ಚಿದೆ.

ಆಮೇಲೆ ಬಲೆ ಹಾಕಿದೆ. ಅವಳು ನೋಡಿಕೊಳ್ಳುತ್ತಿದ್ದ ಪಟ್ಟಿಯಲ್ಲಿ ಒಂದು ಸುಳ್ಳು ಹೆಸರು ಸೇರಿಸಿ, ಮುಂದೆ ಅಮ್ಮನ ನಂಬರು ಬರೆದೆ. ಏಜೆನ್ಸಿಯವರು ಆ ಹೆಸರು ಹೇಳಿ ಅಮ್ಮನಿಗೆ ಫೋನ್ ಮಾಡಿದರೆ ಅವಳು ಸಿಕ್ಕಿಬಿದ್ದಂತೆ. ಹತ್ತು ದಿನ ಕಾದೆ. ಬೇರೆಯವರಿಗೆಲ್ಲ ಫೋನ್ ಬರುತ್ತಲೇ ಇತ್ತು, ಅಮ್ಮನಿಗೆ ಬರಲಿಲ್ಲ. ಹೊರಗೆ ಹೋಗಿರುವುದು ಹಳೆಯ ಪಟ್ಟಿ ಎಂಬುದು ಅಲ್ಲಿಗೇ ತಿಳಿಯಬೇಕಿತ್ತು. ನನಗೆ ತಿಳಿದದ್ದು ಇಷ್ಟು: ಅವಳು ಬುದ್ಧಿವಂತೆ, ನನ್ನ ಬಲೆಯನ್ನು ಗುರುತಿಸಿದ್ದಾಳೆ.

ಹನ್ನೊಂದನೆಯ ದಿನ ಸಂಜೆ ಘಣಸೋಲಿ ಪ್ಲಾಟ್‌ಫಾರ್ಮಿನಲ್ಲಿ ಕೇಳಿಯೇಬಿಟ್ಟೆ. ನಾವು ದಿನವೂ ಒಂದೇ ಗಾಡಿ ಹತ್ತುತ್ತಿದ್ದೆವು. ನಾನು ಐರೋಲಿಯಲ್ಲಿ ಇಳಿಯುತ್ತಿದ್ದೆ, ಅವಳು ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋಗುತ್ತಿದ್ದಳು. ನೇರವಾಗಿ ಕೇಳುವ ಧೈರ್ಯವಿಲ್ಲದೆ, ಹೊಸ ಫೋನು ಯಾರು ಕೊಡಿಸಿದರು ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ಇದನ್ನ ಕೇಳಾಕ ಇಷ್ಟ ದಿನ ತಗೊಂಡಿ?" ಎಂದಳು. "ನಾ ಕಾಯಾಕತ್ತಿದ್ನಿ. ಪಟ್ಟಿ ಒಳಗ ನಿಮ್ಮವ್ವನ ನಂಬರ ಹಾಕೀದಿ. ಅದು ನನಗ ಗೊತ್ತಿಲ್ಲೇನು?"

ಅವಳು ಚೀಲದಿಂದ ಫೋನು ತೆಗೆದು ಲಾಕ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ತಗೋ. ನೋಡು. ಎಲ್ಲಾ ತೆರದ ನೋಡು."

ಬೇಡ ಎಂದು ವಾಪಸು ಕೊಡಬಹುದಿತ್ತು. ನಾನು ನೋಡಿದೆ. ಅವಳು ಪಕ್ಕದಲ್ಲಿ ನಿಂತು ಹಳಿಯ ಕಡೆ ನೋಡುತ್ತಿದ್ದಾಗ, ನಾನು ಅವಳಿಗೆ ಬಂದ ಕರೆಗಳನ್ನು, ಮೆಸೇಜುಗಳನ್ನು, ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಏನೂ ಇರಲಿಲ್ಲ. ಫೋನು ಹೊಸದೂ ಆಗಿರಲಿಲ್ಲ. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. ಅಣ್ಣ ಬೇರೆ ಫೋನು ತೆಗೆದುಕೊಂಡ ಮೇಲೆ ಹಳೆಯದು ಅವಳ ಪಾಲಿಗೆ ಬಂದಿತ್ತು, ಹೊಸದಾಗಿದ್ದದ್ದು ಹಿಂದಿನ ಕವರು ಮಾತ್ರ. ಗಾಡಿ ಬಂತು. ಅವಳು ಫೋನು ಇಸಿದುಕೊಂಡು ಬೇರೆ ಡಬ್ಬಿಗೆ ಹತ್ತಿದಳು.

ಮರುದಿನ ಲ್ಯಾಬಿಗೆ ಹೋದರೆ ಹಳೆಯ ಫೋನಿನಲ್ಲಿ ಅವಳ ಸಿಮ್ ಇರಲಿಲ್ಲ. ಒಂದೇ ಸಿಮ್ಮಿನಲ್ಲಿ ಸೇವೆ ಕುಂಟುತ್ತಾ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಮಿತಿ ಮುಗಿದು ಉತ್ತರ ನಿಲ್ಲುತ್ತಿತ್ತು. ವಾರದೊಳಗೆ ನಾನೇ ಮುಚ್ಚಿದೆ. ಅಷ್ಟಾದರೂ ನನ್ನ ಅನುಮಾನ ಪೂರ್ತಿ ಹೋಗಿರಲಿಲ್ಲ. ಅಳಿಸಿ ತಂದಿರಬಹುದು, ಅಣ್ಣನ ಕೈಯಲ್ಲಿ ಕಳಿಸಿರಬಹುದು ಎಂದು ಮನಸ್ಸು ದಾರಿ ಹುಡುಕುತ್ತಲೇ ಇತ್ತು.

ತಿಂಗಳಾದ ಮೇಲೆ ಇಂಟರ್ನ್‌ಶಿಪ್ಪಿನ ಅರ್ಜಿ ಪ್ರಿಂಟ್ ಮಾಡಿಸಲು ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆ. ನನ್ನ ಫೈಲು ಸಿಗುತ್ತಿಲ್ಲವೆಂದು ಅಂಗಡಿಯ ಹೆಂಗಸು ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಪರದೆಯ ತುಂಬ ಊರವರ ಕಾಗದಪತ್ರಗಳು: ಮಾರ್ಕ್ಸ್ ಕಾರ್ಡು, ಬಾಡಿಗೆ ಕರಾರು, ಯಾರದೋ ಪಾಸ್‌ಪೋರ್ಟು. ಅವುಗಳ ನಡುವೆ ನಮ್ಮ ವರದಿ, ನಾನು ಕಳಿಸಿದ ಹೆಸರಿನಲ್ಲೇ. ಮಾನಿಟರಿನ ಹಿಂದೆ ಗೋಡೆಗೆ ಒರಗಿಸಿದ್ದ ಪ್ಯಾಂಪ್ಲೆಟ್ಟುಗಳ ಕಟ್ಟಿನ ಮೇಲೆ ಆ ಏಜೆನ್ಸಿಯ ಹೆಸರಿತ್ತು.

ಇವನ್ನು ಇಲ್ಲೇ ಛಾಪಿಸುವುದೇ ಎಂದು ಕೇಳಿದೆ. ಹೌದು, ಅವರ ಮನುಷ್ಯ ಬರುತ್ತಾನೆ, ಪಾಪ ಒಳ್ಳೆಯವನು, ಕಂಪ್ಯೂಟರಿನ ಮುಂದೆ ತಾನೇ ಕೂತು ಸೆಟ್ಟಿಂಗ್ ಮಾಡಿಕೊಳ್ಳುತ್ತಾನೆ, ನನಗೆ ತೊಂದರೆ ಕೊಡುವುದಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿದರು. ಅವನು ಫೈಲು ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಇವತ್ತಿಗೂ ಖಚಿತವಾಗಿ ಹೇಳಲಾರೆ. ಆದರೆ ಪಟ್ಟಿ ನಮ್ಮಿಬ್ಬರ ಹತ್ತಿರ ಮಾತ್ರ ಇತ್ತು ಎಂಬುದು ಸುಳ್ಳಾಗಿತ್ತು, ಆ ಸುಳ್ಳನ್ನು ಹೊರಗೆ ಇಟ್ಟುಬಂದವಳು ನಾನು. ನಮ್ಮ ಫೈಲನ್ನು ಅಲ್ಲೇ ಅಳಿಸಿಸಿದೆ. ಅರ್ಜಿ ಮರೆತು ಬಂದೆ.

ಭಾನುವಾರ ಡೊಂಬಿವಲಿಗೆ ಹೋದೆ. ಅವಳ ಮನೆ ಎಂಐಡಿಸಿಯ ಪಕ್ಕದ ಚಾಳಿನ ಸಾಲುಮನೆಗಳಲ್ಲೊಂದಾಗಿತ್ತು. ರಿಕ್ಷಾದಿಂದ ಇಳಿದ ಕೂಡಲೇ ಗಂಟಲಿಗೆ ಹುಳಿ ಹುಳಿಯಾದ ಗಾಳಿ. ಅವಳ ಅವ್ವ ನನ್ನನ್ನು ಹೆಸರು ಹಿಡಿದು ಒಳಗೆ ಕರೆದು ಚಹಾ ಇಟ್ಟರು. ಅವರಿಗೆ ಮಗಳು ಏನನ್ನೂ ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಹೊರಗೆ ನಲ್ಲಿಯ ಹತ್ತಿರ ನಿಂತು ಅವಳಿಗೆ ಎಲ್ಲವನ್ನೂ ಹೇಳಿದೆ: ಝೆರಾಕ್ಸ್ ಅಂಗಡಿ, ಪ್ಯಾಂಪ್ಲೆಟ್ಟು, ಡ್ರಾಯರಿನ ಫೋನು ಓದಿದ್ದು ಕೂಡ. ಕ್ಷಮಿಸು ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ.

"ನನಗೊಬ್ಬಾಕಿಗೆ ಹೇಳಿದ್ರ ಏನಾತು?" ಎಂದಳು. "ಕ್ಲಾಸಿನ್ಯಾಗ ಎಲ್ಲಾರೂ ನನ್ನ ನೋಡ್ತಾರ. ಅಲ್ಲಿ ಹೇಳು."

ಸೋಮವಾರ ಮೊದಲ ಲೆಕ್ಚರಿಗೆ ಮುಂಚೆ ಸರ್ ಅನುಮತಿ ಪಡೆದು ಎದುರಿಗೆ ನಿಂತು ಹೇಳಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಸರ್ ಲೈಬ್ರರಿಯ ಪ್ರತಿಯಿಂದ ಆ ಪುಟಗಳನ್ನು ಕಿತ್ತುಹಾಕಿಸಿದರು. ಕೆಲವರು ನಂಬಿದರು. ಇನ್ನು ಕೆಲವರು, ಗೆಳತಿಯನ್ನು ಉಳಿಸಲು ಕಥೆ ಕಟ್ಟಿದ್ದಾಳೆ ಎಂದರು. 'ಕಲ್ ಆನಾ' ಹುಡುಗ, ಏಜೆನ್ಸಿಯವರಿಂದ ನಿನಗೇನು ಸಿಕ್ಕಿತು ಎಂದು ನನ್ನನ್ನೇ ಕೇಳಿದ. ಕೊನೆಯ ವರ್ಷವಿಡೀ, ನಾನು ಯಾರ ನಂಬರು ಕೇಳಿದರೂ ಅವರು ಒಂದು ಕ್ಷಣ ತಡೆದು ಕೊಡುವುದನ್ನು ನೋಡಿದೆ. ಅವಳು ಎದುರಾದರೆ ತಲೆಯಾಡಿಸುತ್ತಿದ್ದಳು, ನೋಟ್ಸ್ ಕೇಳಿದರೆ ಕೊಡುತ್ತಿದ್ದಳು. ಊಟಕ್ಕೆ ಮಾತ್ರ ಬೇರೆ ಬೆಂಚಿನಲ್ಲಿ ಕೂರುತ್ತಿದ್ದಳು.

ಹೋದ ವರ್ಷ ಥಾಣೆ ಸ್ಟೇಷನ್ನಿನಲ್ಲಿ ವಾಶಿಗೆ ಹೋಗುವ ಗಾಡಿ ಹತ್ತಿದಾಗ ಮಹಿಳಾ ಡಬ್ಬಿಯಲ್ಲಿ ಅವಳಿದ್ದಳು. ಮೂವರು ಕೂತಿದ್ದ ಸೀಟಿನಲ್ಲಿ ಸರಿದು ತುದಿಯಲ್ಲಿ ನನಗೆ ಜಾಗ ಮಾಡಿದಳು. ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ, ಅಪ್ಪ ಈಗ ಕಾರ್ಖಾನೆ ಬಿಟ್ಟಿದ್ದಾರೆ, ಕಲ್ಯಾಣದಲ್ಲಿ ಮನೆ ಮಾಡಿದ್ದೇವೆ ಎಂದಳು. ನನ್ನ ಅಮ್ಮನ ಆರೋಗ್ಯ ವಿಚಾರಿಸಿದಳು. ಅವಳ ಪಕ್ಕದಲ್ಲಿದ್ದ ಸಹೋದ್ಯೋಗಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು.

"ಓಳಖೀಚೀ ಆಹೇ," ಎಂದಳು. ಪರಿಚಯದವಳು ಎಂದು.

ಗೆಳತಿ ಎನ್ನಲು ಆ ಭಾಷೆಯಲ್ಲಿ ಬೇರೆ ಪದವಿದೆ. ಅವಳಿಗೂ ಗೊತ್ತು, ನನಗೂ ಗೊತ್ತು. ಐರೋಲಿ ಬರುವವರೆಗೆ ನಾವು ಗಾಡಿಯ ನೂಕುನುಗ್ಗಲಿನ ಬಗ್ಗೆ ಮಾತಾಡಿದೆವು.