ಲಂಗರಣ್ಣನ ಒದೆ

ಬೇಕೆಂದೇ ದಡಕ್ಕೆ ಮೂತಿ ತಾಗಿಸುವ ಹಡಗು ಅದು. ಬೇರೆ ಹಡಗಿನವರು ಮರಳು ಕಂಡರೆ ಬೆವರುತ್ತಾರೆ. ಇದರ ತಳ ಚಪ್ಪಟೆಯಾಗಿದ್ದದ್ದೇ ಮರಳ ಮೇಲೆ ಕೂರಲೆಂದು. ಮುಂದುಗಡೆ ಬೀರುವಿನಂಥ ಎರಡು ಬಾಗಿಲು. ಅವು ತೆರೆದರೆ ಉಕ್ಕಿನ ಇಳಿಜಾರೊಂದು ಹೊರಚಾಚಿ, ಟ್ಯಾಂಕು, ಲಾರಿ, ಸೈನಿಕರೆಲ್ಲ ನೇರ ದಡಕ್ಕಿಳಿಯಬಹುದು. ಆದರೆ ಆ ಚಪ್ಪಟೆ ತಳದ ದೆಸೆಯಿಂದ ನಡುಗಡಲಲ್ಲಿ ಅದು ಎಷ್ಟು ಹೊಯ್ದಾಡುತ್ತಿತ್ತೆಂದರೆ, ಚಹಾ ಹೊಟ್ಟೆಗಿಂತ ಅಂಗಿಗೇ ಹೆಚ್ಚು ಸೇರುತ್ತಿತ್ತು.

ಹಡಗಿನ ಹಿಂತುದಿಯಲ್ಲಿ ಲಂಗರಣ್ಣನ ಠಾವು. ದಡ ಇನ್ನೂ ದೂರವಿರುವಾಗಲೇ ಹಿಂದಿನ ಲಂಗರನ್ನು ಸಮುದ್ರಕ್ಕೆ ಬಿಡುವುದು, ಆಮೇಲೆ ಅದರ ಉಕ್ಕಿನ ಹಗ್ಗವನ್ನು ಯಂತ್ರಕ್ಕೆ ಸುತ್ತಿ ಹಡಗನ್ನು ಮರಳಿನಿಂದ ಹಿಂದಕ್ಕೆಳೆಯುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಇದೇ. ಯುದ್ಧಕ್ಕೆಂದು ಕಟ್ಟಿದ ಹಡಗು ಯುದ್ಧಕ್ಕೆ ಹೋದದ್ದು ಒಂದೇ ಸಲ. ಉಳಿದಂತೆ ನೆರೆ ಬಂದ ಊರುಗಳಿಗೆ ಔಷಧಿ, ಕಂಬಳಿ ಒಯ್ದಿತು. ಒಮ್ಮೆ ದ್ವೀಪವೊಂದರಿಂದ ಮುನ್ನೂರು ಜನರನ್ನು ಆಡುಗಳ ಸಮೇತ ಹೊತ್ತು ತಂದಿತು. ಆಡುಗಳು ಬಿಟ್ಟುಹೋದದ್ದನ್ನು ತೊಳೆಯಲು ವಾರ ಹಿಡಿಯಿತು. ದಡದಲ್ಲಿ ನಡೆದದ್ದೆಲ್ಲ ಲಂಗರಣ್ಣ ಕೇಳಿ ತಿಳಿದದ್ದು. ಎಲ್ಲರೂ ದಡ ನೋಡುವಾಗ ಅವನು ಹಿಂದೆ ನಿಂತು ನೀರು ನೋಡುತ್ತಿದ್ದ. ಆ ಬಾಗಿಲು ದಡಕ್ಕೆ ತೆರೆಯುವುದನ್ನು ಒಂದು ಸಲವೂ ಕಂಡವನಲ್ಲ.

“ನಲವತ್ತು ದಡ ಮುಟ್ಟಿದ್ದೀನಿ ಅಂತೀರಿ. ಒಂದಾದ್ರೂ ಹೇಗಿತ್ತು, ಹೇಳಿ ನೋಡೋಣ?” ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಅವನು ನಗುತ್ತಿದ್ದ. ಆಸೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಹಡಗನ್ನು ಗುಜರಿಗೆ ಹಾಕುವುದೆಂದಾಯಿತು. ಅದಕ್ಕೂ ಮೊದಲು ಒಮ್ಮೆ ಊರಿನ ದಡಕ್ಕೇ ತಾಗಿಸಿ, ಮನೆಯವರಿಗೆಲ್ಲ ತೋರಿಸುವ ಏರ್ಪಾಡು.

“ಇವತ್ತು ನೀವು ಮುಂದೆ ನಿಲ್ಲಿ, ಲಂಗರಣ್ಣ,” ಎಂದರು ಕ್ಯಾಪ್ಟನ್. “ಬಾಗಿಲು ತೆರೆದ ಕೂಡ್ಲೇ ನಿಮ್ಮ ಮನೆಯವರಿಗೆ ನೀವೇ ಕಾಣಬೇಕು.”

ಲಂಗರು ಬಿಡುವ ಕೆಲಸ ಅದೇ ಹಡಗಿನ ಪಂಪು ನೋಡಿಕೊಳ್ಳುತ್ತಿದ್ದ ಭಾವಮೈದನ ಪಾಲಿಗೆ ಬಂತು. ಲಂಗರಣ್ಣ ಅವನಿಗೆ ಒಂದು ಗಂಟೆ ಪಾಠ ಮಾಡಿದ. ಗಾಳಿ, ಆಳ, ಹಗ್ಗದ ಗುರುತು, ಹಗ್ಗ ತಡೆದು ಹಿಡಿಯುವ ಬ್ರೇಕಿನ ಹಿಡಿಕೆ, ಯಾವುದನ್ನೂ ಬಿಡಲಿಲ್ಲ.

“ಸಾಕು ಭಾವ, ನನ್ ತಲೆ ತಿನ್ಬೇಡಿ. ಹೋಗಿ ನಿಮ್ ತಲೆ ಬಾಚ್ಕೊಳ್ಳಿ, ಅಕ್ಕ ಕಾಯ್ತಿರ್ತಾಳೆ!” ಎಂದು ಭಾವಮೈದ ಅಟ್ಟಿದ.

ತಲೆ ಬಾಚಿಕೊಂಡು ಲಂಗರಣ್ಣ ಬಾಗಿಲ ಹಿಂದೆ ಬಂದು ನಿಂತ. ಧ್ವನಿವರ್ಧಕದಲ್ಲಿ “ಲಂಗರು ಬಿಡಿ” ಎಂಬ ಆಜ್ಞೆ ಬಂತು. ಈಗ ಹಿಂದಿನಿಂದ ಗಡಗಡ ಸದ್ದು ಕೇಳಬೇಕು. ಕೇಳಲಿಲ್ಲ. ಹತ್ತು ಎಣಿಸಿದ. ಇಲ್ಲ.

ಒದೆ! ಆ ಹಳೇ ಬ್ರೇಕು ಎಡಗಡೆಯಿಂದ ಒಂದು ಒದೆ ತಿನ್ನದೆ ಜಪ್ಪಯ್ಯ ಎಂದರೂ ಸಡಿಲುವುದಿಲ್ಲ. ಇಪ್ಪತ್ತಾರು ವರ್ಷ ಕಾಲು ತನ್ನ ಪಾಡಿಗೆ ತಾನು ಒದ್ದೂ ಒದ್ದೂ, ತಲೆಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಗೊತ್ತಿದ್ದರಲ್ಲವೇ ಹೇಳಿಕೊಡುವುದು!

ಲಂಗರಿಲ್ಲದೆ ದಡ ಹತ್ತಿದರೆ ಹಡಗು ಅಲ್ಲೇ ಕೂತಿರಬೇಕು. ಮನೆಯವರೆಲ್ಲರ ಎದುರು ಇನ್ಯಾವುದೋ ಹಡಗು ಬಂದು ಅದನ್ನು ಎಳೆಯಬೇಕು. ಕೊನೆಯ ದಿನ ಅದಕ್ಕೆ ಆ ಅವಮಾನವೇ? ಲಂಗರಣ್ಣ ಬಾಗಿಲನ್ನೊಮ್ಮೆ ನೋಡಿದ. ತಿರುಗಿ ಓಟ ಕಿತ್ತ.

ಹಡಗಿನುದ್ದಕ್ಕೂ ಓಡಿ, ಏಣಿ ಹತ್ತಿ, ಹಿಡಿಕೆಗೆ ಜೋತುಬಿದ್ದಿದ್ದ ಭಾವಮೈದನನ್ನು ಪಕ್ಕಕ್ಕೆ ಸರಿಸಿ ಬ್ರೇಕಿಗೆ ಒಂದು ಒದೆ ಕೊಟ್ಟ. ಲಂಗರು ಧುಮುಕಿತು.

“ಇದನ್ನ ಹೇಳ್ಲೇ ಇಲ್ವಲ್ಲ ಭಾವ!” ಭಾವಮೈದನಿಗೆ ಅಳುವೇ ಬಂದಿತ್ತು.

ಹಡಗು ಮೆಲ್ಲಗೆ ಮರಳಿಗೆ ತಾಗಿತು. ದೂರದಲ್ಲಿ ಬಾಗಿಲುಗಳು ಗುರುಗುಟ್ಟುತ್ತ ತೆರೆದವು, ಜನ ಹೋ ಎಂದರು. ಬ್ರೇಕಿನ ಮೇಲೆ ಕೈಯಿಟ್ಟು ಲಂಗರಣ್ಣ ನೀರು ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಏಣಿಯ ಮೇಲೆ ಏದುಸಿರು ಕೇಳಿಸಿತು. ಹೆಂಡತಿ.

“ಬಾಗಿಲು ತೆರೀತು. ಎಲ್ರೂ ಸಾಲಾಗಿ ನಿಂತಿದ್ರು, ನೀವೊಬ್ರಿಲ್ಲ. ಇವ್ರು ಹಿಂದೇನೇ ಇರ್ತಾರೆ ಅಂತ ಸೀದಾ ಬಂದೆ.”

“ಇವತ್ತೂ ನೋಡ್ಲಿಲ್ಲ ಕಣೇ,” ಎಂದ ಅವನು.

ಅವಳು ಅವನ ಮುಖ ನೋಡಿದಳು. ಕಾಲೆಳೆಯಲಿಲ್ಲ. ಬಗ್ಗಿ ಚಪ್ಪಲಿ ಕಳಚಿ, ಅದರಲ್ಲಿ ಸೇರಿಕೊಂಡಿದ್ದ ಹಸಿ ಮರಳನ್ನು ಅವನ ಅಂಗೈಗೆ ಕೊಡವಿದಳು.

“ತಗೊಳ್ಳಿ. ದಡ ಹೀಗಿದೆ.”