ನರದ ಡಾಕ್ಟರ್ ಬಾಯಿ

ಅವರ ಎಡ ಹೆಗಲಿನ ಮೇಲೆ ಯಾವಾಗಲೂ ಎರಡು ಪಿನ್ನುಗಳಿರುತ್ತಿದ್ದವು. ಒಂದು ಸೆರಗಿಗೆ, ಇನ್ನೊಂದು ನಮ್ಮಂಥವರಿಗೆ. ಮಾತಾಡುತ್ತಲೇ ಎರಡನೆಯದನ್ನು ಬಿಚ್ಚಿ, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ರೋಗಿಯ ಪಾದದಿಂದ ಮೊಳಕಾಲಿನವರೆಗೆ ಮೆಲ್ಲಗೆ ಚುಚ್ಚುತ್ತ ಬರುತ್ತಿದ್ದರು. "ಇಲ್ಲಿ ಚುಚ್ಚತೈತೇನು? ಇಲ್ಲಿ? ಇಲ್ಲಿ ಮೊಂಡ ಅನಸತೈತೇನು?" ಉದ್ದನೆಯ, ಒಣಕಲು ಮೈಯ ಹೆಂಗಸು. ಸಣ್ಣ ಮಣಿಕಟ್ಟಿಗೆ ಗಂಡಸರ ದೊಡ್ಡ ಗಡಿಯಾರ ಕಟ್ಟಿಕೊಂಡಿರುತ್ತಿದ್ದರು. ಅದು ಕೈ ಎತ್ತಿದಾಗೆಲ್ಲ ಮೊಳಕೈ ಕಡೆಗೆ ಜಾರುತ್ತಿತ್ತು.

ನಾವೆಲ್ಲ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದೆವು; ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ. ರಾಯಬಾಗದವರು. ಹೊರದೇಶದಲ್ಲಿ ನರರೋಗಗಳನ್ನು ಅಭ್ಯಾಸ ಮಾಡಿ ಬಂದು ದೊಡ್ಡ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಕಲಿಸುತ್ತಿದ್ದರು. ರವಿವಾರ ಮಾತ್ರ ಕೆಂಪು ಬಸ್ಸು ಹಿಡಿದು ಚಿಕ್ಕೋಡಿಗೆ ಬಂದು, ಗೆಳತಿಯ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗಲೂ ಬಾಗಿಲು ಹಾಕುತ್ತಿರಲಿಲ್ಲ. ಬಾಕಿನ ಮೇಲೆ ಕುಳಿತವರನ್ನು "ಉಂಡ ಬಂದೀರೇನು?" ಎಂದು ಕೇಳಿ, ಇಲ್ಲವೆಂದವರ ಕೈಗೆ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದರು.

ನಾನು ಅವರ ಮುಂದೆ ಹೋಗಿ ಕುಳಿತದ್ದು ಎಂಬತ್ತರ ದಶಕದ ನಡುವಿನಲ್ಲಿ. ತವರು ಕಾಗವಾಡ. ನಮ್ಮಪ್ಪನದು ದ್ರಾಕ್ಷಿ ತೋಟ. ಭೋಜಕ್ಕೆ ಸೊಸೆಯಾಗಿ ಬಂದು ಇನ್ನೂ ಮೈಗೆ ಊರು ಹೊಂದಿರಲಿಲ್ಲ, ಅಷ್ಟರಲ್ಲಿ ಒಂದು ಬೆಳಿಗ್ಗೆ ಬಲಗಣ್ಣಿಗೆ ಮಂಜು ಕವಿಯಿತು. ಕೆಲವು ವಾರಗಳಲ್ಲಿ ತಾನಾಗಿಯೇ ತಿಳಿಯಾಯಿತು. ಮುಂದಿನ ವರ್ಷ ಕಾಲುಗಳು ನನ್ನವಲ್ಲ ಎನ್ನುವಂತಾದವು. ನಡೆದರೆ ನೆಲ ಹತ್ತಿಯ ಗಾದಿಯ ಹಾಗೆ ಮೆತ್ತಗೆ. ಅದೂ ಹೋಯಿತು, ಮತ್ತೆ ಬಂತು. ನಿಪ್ಪಾಣಿಯಲ್ಲಿ ತೋರಿಸಿದೆವು. ರಕ್ತ ಸರಿ, ಎಲುಬು ಸರಿ, ಮನಸ್ಸಿನದೇ ಏನೋ ಇರಬೇಕು ಎಂದರು. ಅಷ್ಟೇ ಸಾಕಾಯಿತು. ಮನೆಯಲ್ಲಿ ನಾಟಕ ಎನ್ನುವ ಮಾತು ಹುಟ್ಟಿತು. ನನ್ನನ್ನು ಕಾಗವಾಡಕ್ಕೆ ಕಾಯಮ್ಮಾಗಿ ಕಳಿಸಿ ನಮ್ಮವರಿಗೆ ಇನ್ನೊಂದು ಸಂಬಂಧ ನೋಡುವ ಮಾತೂ ಅಡಿಗೆಮನೆಯವರೆಗೆ ಕೇಳಿಬಂತು. ನಮ್ಮವರು ಮಾತ್ರ, "ಒಮ್ಮೆ ಚಿಕ್ಕೋಡಿಯೊಳಗ ತೋರಿಸೂಣು" ಎಂದು ಹಟ ಹಿಡಿದರು. ಅತ್ತೆಯೂ ಬಂದರು. ನಾನು ಏನು ಹೇಳುತ್ತೇನೋ ಕೇಳುವುದಕ್ಕೇ ಬಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ಇಕಿದೆಲ್ಲಾ ಸೋಂಗ್ ಐತ್ರಿ ಬಾಯಿ, ಬರೇ ನಾಟಕ. ಸೋಮವಾರಕ್ಕೊಮ್ಮೆ ತಲಿ ಎರಕೊಂಡ ಬಂದಳಂದ್ರ ಗ್ವಾಡಿ ಹಿಡಕೊಂಡ ನಿಂದರತಾಳ. ರೊಟ್ಟಿ ಬಡಿಯೂ ಹೊತ್ತಿಗೇ ಬರೋಬ್ಬರಿ ಕಾಲ ಹೋಗತಾವ್ರಿ!"

ಹೊರಗೆ ಬಾಕಿನ ಮೇಲಿದ್ದ ಯಾರೋ ನಕ್ಕರು. ಡಾಕ್ಟರ್ ಬಾಯಿ ನಗಲಿಲ್ಲ. ಕುರ್ಚಿಯನ್ನು ಅತ್ತೆಯ ಕಡೆ ಎಳೆದುಕೊಂಡರು.

"ಬಿಸಿನೀರಿಲೇ ಎರಕೋತಾಳೇನ್ರಿ?"

"ಹೌದ್ರಿ, ಕುದಿಯೂ ನೀರ. ನಮ್ಮ ಮನ್ಯಾಗ ಹಂಡೇ ಯಾವಾಗಲೂ ಕಾದಿರತೈತಿ."

"ಮತ್ತ ಯಾವಾಗ ಸರಿ ಆಗತಾಳ?"

"ಮೈ ಆರಿದ ಮ್ಯಾಲೆ ಆಗತಾಳ್ರಿ. ಅಷ್ಟರಾಗ ರೊಟ್ಟಿ ನಾನ ಬಡದಿರತೇನಿ."

ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿದರು. "ಕಣ್ಣೂ ಆಗ ಮಬ್ಬ ಆಗತೈತೇನು?"

ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಹೇಳಿದ್ದರೆ ಅದನ್ನೂ ನಾಟಕದ ಲೆಕ್ಕಕ್ಕೇ ಹಾಕುತ್ತಿದ್ದರು. ಹೌದೆಂದು ತಲೆಯಾಡಿಸುವಷ್ಟರಲ್ಲಿ ಅಳು ಬಂತು. ಅವರು ಅಳಲು ಬಿಟ್ಟರು. ಆಮೇಲೆ, "ಸಾವಕಾಶ ಹೇಳ ತಂಗಿ. ಏನಾಗತೈತಿ ಅಷ್ಟ ನೀ ಹೇಳು. ಯಾಕಾಗತೈತಿ ಅನ್ನೂದು ನನ್ನ ಕೆಲಸ" ಎಂದರು. ಆಮೇಲಿನ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದನ್ನು ಕೇಳಿದ್ದೇನೋ.

ಪಿನ್ನು, ಸುತ್ತಿಗೆ, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವುದು, ಎಲ್ಲ ಮುಗಿಸಿ ಅವರು ನಮ್ಮವರನ್ನು ಕೇಳಿದರು: "ನಿಮ್ಮ ಬಾವಿ ಮೋಟರಿನ ವಾಯರಿನ ಮ್ಯಾಲಿನ ರಬ್ಬರು ಇಲಿ ಕಡದ್ರ ಏನಾಗತೈತ್ರಿ?"

"ಒಮ್ಮೆ ಚಾಲೂ ಆಗತೈತ್ರಿ, ಒಮ್ಮೆ ಆಗೂದಿಲ್ಲ."

"ಈಕಿ ನರದ್ದೂ ಹಂಗ ಆಗೈತಿ. ಮ್ಯಾಲಿನ ಹೊದಿಕಿ ಅಲ್ಲಲ್ಲಿ ಹೋಗೈತಿ. ಮೈ ಕಾದಾಗ ಜಾಸ್ತಿ ಆಗತೈತಿ." ಆಮೇಲೆ ಅತ್ತೆಗೆ, "ಸೋಂಗ್ ಅಲ್ಲರಿ ಇದು. ನೀವು ಹೇಳಿದ್ದು ರೋಗದ ಗುರುತು" ಎಂದರು. ಪೂರ್ತಿ ಗುಣವಾಗುವ ರೋಗವಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಹೇಳಿದರು. ಅತ್ತೆಯ ಬಾಯಲ್ಲಿ ಅದು ಕಡೆಯವರೆಗೂ "ಇಸ್ಕುಲಾಸ" ಆಗಿಯೇ ಉಳಿಯಿತು.

ಮುಂದಿನ ಸೋಮವಾರ ನಾನು ಬಚ್ಚಲಿಗೆ ಹೋದಾಗ ಅತ್ತೆ ಬಾವಿಯ ತಣ್ಣೀರಿನ ಕೊಡ ಹೊತ್ತು ತಂದು ಹಂಡೆಗೆ ಸುರಿದರು. ತಮ್ಮ ಕೈಯನ್ನೇ ಅದ್ದಿ ನೋಡಿ, ಇನ್ನಷ್ಟು ಸುರಿದರು. ತವರಿಗೆ ಕಳಿಸುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆ ಕಾಲಕ್ಕೆ ಈ ರೋಗ ಥಂಡಿ ದೇಶಗಳದು, ನಮ್ಮ ಜನಕ್ಕೆ ಬರುವುದೇ ಅಪರೂಪ ಎಂದು ದೊಡ್ಡ ದೊಡ್ಡ ಡಾಕ್ಟರರೇ ನಂಬಿದ್ದರಂತೆ. ನಮ್ಮ ಬಾಯಿ ಸಭೆಗಳಿಗೆ ಹೋಗಿ ಪೇಪರು ಓದಿದರೆ, ಅಲ್ಲಿದ್ದವರು ಇಷ್ಟೇ ರೋಗಿಗಳೇ ಎಂದು ನಗುತ್ತಿದ್ದರಂತೆ. "ಬರೂದಿಲ್ಲ ಅಂತಾರ. ನಾವು ಹುಡಿಕಿಲ್ಲ ಅನ್ನೂ ಬದಲಿ ಹಂಗ ಅಂತಾರ" ಎಂದು ಒಮ್ಮೆ ನನ್ನೆದುರಿಗೇ ಸಿಡಿದಿದ್ದರು. ಸಿಟ್ಟು ಬಂದಾಗ ಅವರ ಮಾತು ರಾಯಬಾಗದ ಸಂತೆಯ ಮಾತಾಗುತ್ತಿತ್ತು. ಹೊರದೇಶ, ಕಾಲೇಜು, ಎಲ್ಲ ಎಲ್ಲಿಗೋ ಹೋಗಿಬಿಡುತ್ತಿದ್ದವು.

ಅವರು ಅಭ್ಯಾಸ ಮಾಡುತ್ತಿದ್ದ ಇನ್ನೊಂದು ರೋಗ ಲಕ್ವಾ, ಅಂದರೆ ಪಾರ್ಶ್ವವಾಯು. ಮುದುಕರ ಲಕ್ವಾ ಎಲ್ಲರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಹಡೆದ ಹುಡುಗಿಯರಿಗೆ ಬರುವ ಲಕ್ವಾ. ಬಿಡುವಿದ್ದಾಗ ಕಾಲೇಜಿನ ಜೀಪು ತೆಗೆದುಕೊಂಡು ಅಂಕಲಿ, ಕರೋಶಿ, ನಮ್ಮ ಭೋಜ ಎಂದು ಮನೆಮನೆ ತಿರುಗುತ್ತಿದ್ದರು. ಹೆಂಗಸರು ಡಾಕ್ಟರ್ ಎಂದರೆ ಸೆರಗು ಹೊದ್ದು ಸುಮ್ಮನಾಗಿಬಿಡುತ್ತಿದ್ದರು. ಆಗ ಅವರಿಗೆ ನನ್ನ ನೆನಪಾಯಿತು. ಕಾಲು ಚೆನ್ನಾಗಿದ್ದ ತಿಂಗಳುಗಳಲ್ಲಿ ನಾನೂ ಜೀಪು ಹತ್ತಿದೆ. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿ ಮನೆಯಲ್ಲಿ ಮರಾಠಿ. "ಮುದ್ದಾಂ, ಬೇಕಂತನ ಕರಕೊಂಡ ಬಂದೇನಿ ನಿನ್ನ. ನೀನೂ ಸೊಸಿ, ಅವರೂ ಸೊಸ್ತ್ಯಾರು. ನಿನಗ ಹೇಳತಾರ" ಎನ್ನುತ್ತಿದ್ದರು. ಹೇಳಿದರು. ಹಡೆದವಳಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ಥಂಡಿಯಾಗುತ್ತದೆ ಎಂದು ತುಟಿ ಒದ್ದೆಯಾಗುವಷ್ಟೇ ಕೊಡುತ್ತಿದ್ದರು. ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ. "ಮೈಯಾನ ನೀರೆಲ್ಲಾ ಬೆವರಾಗಿ ಹೋಗತೈತಿ. ರಕ್ತ ಗಟ್ಟಿ ಆಗಿ ತಲ್ಯಾಗ ಹೆಪ್ಪ ಕಟ್ಟತೈತಿ. ಇದನ್ನ ದೆವ್ವ ಅಂತಾರ!" ಎಂದು ಜೀಪಿನಲ್ಲಿ ಹಲ್ಲು ಕಚ್ಚುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಪಕ್ಕದ ಮನೆಯ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲಿಗೆ ಹಾಕುವ ತಯಾರಿ ನಡೆದಿತ್ತು. ಒಂದು ರವಿವಾರ ಬೆಳಿಗ್ಗೆ ಆ ಮನೆಯಲ್ಲಿ ಗದ್ದಲ. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಎನ್ನುತ್ತಿದ್ದಳಂತೆ. ಈಗ ಬಲಗೈ ಸೆಟೆದು ಬಾಯಿ ಸೊಟ್ಟಗಾಗಿತ್ತು. ಗಾಳಿ ಬಡಿದಿದೆ ಎಂದು ಮಂತ್ರ ಹಾಕುವವನನ್ನು ಕರೆಯಲು ಆಳು ಹೋಗಿದ್ದ. ನಾನು ಗೋಡೆ ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಆ ಮನೆಯ ಹೊಸ್ತಿಲಲ್ಲಿದ್ದರು.

"ನೀರ ಕೊಟ್ಟೀರೇನ ಬೇ ಇಕಿಗೆ?"

"ಬಾಣಂತಿಗೆ ನೀರ ಹೆಂಗ ಕೊಡೂದಕ್ಕಾ?" ಎಂದಳು ಹುಡುಗಿಯ ತಾಯಿ.

"ಹಂಗಾರ ಇದು ಗಾಳಿ ಅಲ್ಲ. ನಾನೂ ನನ್ನ ಸೊಸಿ ಜಡ್ಡಿಗೆ ಸೋಂಗ್ ಅಂತ ಹೆಸರಿಟ್ಟಾಕಿ. ಜೀಪ ತರಸ್ರಿ. ಇವತ್ತ ರವಿವಾರ, ಬಾಯಿಯವರು ಚಿಕ್ಕೋಡಿಯೊಳಗ ಅದಾರ. ಮಂತ್ರಾ ಹಾಕವ್ನ ನಾ ನೋಡಕೋತೇನಿ!"

ಜೀಪಿನಲ್ಲಿ ನಾನೂ ಹೋದೆ. ಡಾಕ್ಟರ್ ಬಾಯಿ ನೋಡಿದ್ದೇ ಸಲಾಯಿನ್ ಹಚ್ಚಿಸಿದರು. ಉಳಿದ ರೋಗಿಗಳಿಗೆ ಕೈ ಮುಗಿದು, ಅದೇ ಜೀಪಿನಲ್ಲಿ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕಾಲೇಜಿನ ದವಾಖಾನೆಗೆ ಹೊರಟರು. ಬಾಟಲಿಯನ್ನು ದಾರಿಯುದ್ದಕ್ಕೂ ತಾವೇ ಎತ್ತಿ ಹಿಡಿದರು, ಇನ್ನೊಬ್ಬರಿಗೆ ಕೊಡಲಿಲ್ಲ. ಹುಡುಗಿ ಉಳಿದಳು. ಬಲಗೈಗೆ ಸ್ವಲ್ಪ ಬಲ ಕಮ್ಮಿ. ಮಗಳಿಗೆ ಎಡಗೈಯಿಂದಲೇ ಉಣಿಸಿ ಬೆಳೆಸಿದಳು. ಅಲ್ಲಿಂದ ನಮ್ಮ ಓಣಿಯಲ್ಲಿ ಯಾರು ಹಡೆದರೂ ಅತ್ತೆ ತಂಬಿಗೆ ಹಿಡಿದು ಹೋಗಿ, ಬಾಣಂತಿ ಕುಡಿದು ಮುಗಿಸುವವರೆಗೆ ಎದುರಿಗೇ ಕುಳಿತಿರುತ್ತಿದ್ದರು.

ಆಮೇಲೊಮ್ಮೆ ಬಾಯಿ ನನ್ನನ್ನು ಮುಂಬಯಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದರು. ದೊಡ್ಡ ಕೊಳವೆಯೊಳಗೆ ಮಲಗಿಸುವ ಆ ಯಂತ್ರ ಆಗಿನ್ನೂ ಹೊಸದು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಫಿಲ್ಮನ್ನು ಬಿಸಿಲಿಗೆ ಎತ್ತಿ ಹಿಡಿದು, "ನೋಡ ಬೇ, ಈ ಬಿಳೀ ಚುಕ್ಕಿ ನೋಡು. ಇಷ್ಟ ವರ್ಷ ನಾ ಬರೇ ಪಿನ್ನ ಚುಚ್ಚಿ ಹೇಳಾಕತ್ತಿದ್ನಿ" ಎಂದರು. ನನ್ನ ತಲೆಯೊಳಗಿನ ಗಾಯಗಳವು. ಆದರೂ ಅವರ ಮುಖ ನೋಡಿ ನನಗೂ ಖುಷಿಯಾಯಿತು. ಇಬ್ಬರೂ ಚಹಾ ಆರಲು ಬಿಟ್ಟು ಅದನ್ನೇ ನೋಡುತ್ತ ಕುಳಿತೆವು.

ತೊಂಬತ್ತರ ದಶಕದ ಕಡೆಗೆ ನಿವೃತ್ತರಾಗಿ ರಾಯಬಾಗಕ್ಕೆ ಬಂದರು. ಬಂದು ಬಹಳ ದಿನ ಆಗಿರಲಿಲ್ಲ, ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ನೋಡಲು ಹೋದಾಗ ದಿಂಬಿಗೆ ಒರಗಿ ಕುಳಿತಿದ್ದರು. ನನ್ನ ಕೋಲು ನೋಡಿ, ಎದ್ದು ನಡೆದು ತೋರಿಸು ಎಂದರು. ತೋರಿಸಿದೆ.

"ಹೊರದೇಶದಾಗ ನಿನ್ನ ಜಡ್ಡಿಗೆ ಒಂದ ಸೂಜಿ ಬಂದೈತಿ" ಎಂದರು. "ಪೂರಾ ಔಷಧ ಅಲ್ಲ. ಅರ್ಧಾ ಅನ್ನು. ಉಳದ ಅರ್ಧಾನೂ ಬರತೈತಿ. ನಾ ನೋಡೂದಿಲ್ಲ. ನೀ ನೋಡು."

"ಹಂಗನಬ್ಯಾಡ್ರಿ ಬಾಯಿ."

"ಯಾಕನಬಾರ್ದು? ಡಾಕ್ಟರ್ ಅದೇನಿ, ಗೊತ್ತಾಗೂದಿಲ್ಲೇನು?" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಅವರು ತೀರಿಕೊಂಡ ದಿನ ರಾಯಬಾಗದ ಆ ಮನೆಯ ಮುಂದೆ ಕಾರುಗಳು ನಿಂತಿದ್ದವು. ಅವರ ಶಿಷ್ಯರು, ದೊಡ್ಡ ಡಾಕ್ಟರರು, ಕಟ್ಟೆಯ ಮೇಲೆ ನಿಂತು ಅವರ ಸಂಶೋಧನೆಯ ಮಾತಾಡುತ್ತಿದ್ದರು. ನಮ್ಮವರು ಬಾಡಿಗೆ ಗಾಡಿ ತಿರುಗಿಸಿ ನಿಲ್ಲಿಸಲು ಹೋಗಿದ್ದರು. ಮನೆಗೆ ಎತ್ತರದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಬಿಸಿಲಿಗೆ ಕಾಲು ಸೋತು ನಾನು ಕೆಳಗೇ ನಿಂತುಬಿಟ್ಟೆ. ಆಗ ಯಾರೋ ನನ್ನ ರಟ್ಟೆ ಹಿಡಿದರು. ನನ್ನ ವಯಸ್ಸಿನವಳೇ ಒಬ್ಬಳು. ಅವಳ ಒಂದು ಕೈ ಮಡಚಿ ಎದೆಗೆ ಅಂಟಿಕೊಂಡಿತ್ತು. ಚೆನ್ನಾಗಿದ್ದ ಕೈಯಿಂದ ನನ್ನನ್ನು ಹಿಡಿದಿದ್ದಳು.

"ಯಾವೂರ್ರಿ?" ಎಂದೆ.

"ಕರೋಶಿ. ನೀವೂ ಬಾಯಿಯವರ ಮಂದೀನ ಏನ್ರಿ?"

"ಹೌದ್ರಿ" ಎಂದೆ. "ನಾನೂ ಅವರ ಮಂದೀನ."

ಒಬ್ಬರಿಗೊಬ್ಬರು ಆತುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಅವರನ್ನು ಮಲಗಿಸಿದ್ದ ಪಡಸಾಲೆಗೆ ಹೋದೆವು.