ಪಾರೀಸಪ್ಪನಿಗೆ ಕೊಟ್ಟ ಗ್ರಾನೋಲಾ

ಎಪ್ಪತ್ತೆರಡನೇ ವಯಸ್ಸಿಗೆ ನಾನು ಅಡುಗೆ ಕಲಿಯಲು ಹೊರಟೆ. ಮೂರು ವಾರದಲ್ಲಿ ಒಂದು ಕಡಾಯಿ ಸುಟ್ಟೆ, ಒಂದು ಪರಾತ ನೆಗ್ಗಿಸಿದೆ, ಒಬ್ಬ ಮನುಷ್ಯ ಹುಟ್ಟಿದಾಗಿನಿಂದ ಕಾಪಾಡಿಕೊಂಡು ಬಂದ ನೇಮವನ್ನು ಮುರಿದೆ. ಮೊದಲ ಎರಡಕ್ಕೆ ಹೆಂಡತಿಯಿಂದ ಬೈಸಿಕೊಂಡಾಯಿತು. ಮೂರನೆಯದಕ್ಕೆ ಬೈಯುವವರೇ ಇರಲಿಲ್ಲ. ಏಕೆಂದರೆ ಅದು ನನ್ನೊಬ್ಬನಿಗೇ ಗೊತ್ತಿತ್ತು.

ಇವತ್ತು ಈ ಅಂಕಣದಲ್ಲಿ ಅದನ್ನು ಹೇಳಿಬಿಡುತ್ತೇನೆ. (ಗ್ರಾನೋಲಾ ಅಂದ ಕೂಡಲೇ ಆರೋಗ್ಯದ ಟಿಪ್ಸ್ ಇರಬಹುದೆಂದು ಓದಲು ಕೂತವರು ಎದ್ದು ಹೋಗಬೇಡಿ. ಅದೂ ಸ್ವಲ್ಪ ಇದೆ.)

ಶುರುವಾದದ್ದು ಮುಧೋಳದ ಡಾಕ್ಟರ್ ಹತ್ತಿರ. ನನ್ನ ರಕ್ತದ ರಿಪೋರ್ಟನ್ನು ಒಮ್ಮೆ, ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, "ಅಜ್ಜಾರ, ಮಿರ್ಚಿ-ಚುರುಮರಿ ಸಾಕ್ರಿನ್ನ. ಮುಂಜಾನೆ ಓಟ್ಸ್ ತಿನ್ರಿ" ಅಂದರು. ಮರುದಿನ ನನ್ನ ಹೆಂಡತಿ ಗೌರವ್ವ ಹಾಲಿನಲ್ಲಿ ಓಟ್ಸ್ ಕುದಿಸಿ ಮುಂದಿಟ್ಟಳು. ನಲವತ್ತು ವರ್ಷ ಬನಹಟ್ಟಿಯಲ್ಲಿ ಮಗ್ಗ ನಡೆಸಿದವನು ನಾನು. ನೂಲಿಗೆ ಹಾಕುವ ಗಂಜಿಯ ಗುರುತು ನನಗೆ ಸಿಗುವುದಿಲ್ಲವೇ?

"ಇದನ್ನ ನಾ ತಿನ್ನೂದೋ, ನೂಲಿಗೆ ಹಚ್ಚೂದೋ?" ಎಂದೆ.

"ನೂಲಿಗೆ ಹಚ್ಚಿದ್ರ ಸೀರಿನರ ಗಟ್ಟಿ ಆಗ್ತಿತ್ತು. ನಿಮಗ ಹಚ್ಚಿ ಏನ ಬರೂದೈತಿ?" ಎಂದಳು ಗೌರವ್ವ.

ನಮ್ಮ ಜಗಳ ಕೇಳಿ ಸೊಸೆ ಸವಿತಾ ಮೊಬೈಲ್ ಹಿಡಿದುಕೊಂಡು ಬಂದಳು. ಅದರಲ್ಲಿ ಯಾರೋ ಒಬ್ಬಾಕೆ ಗ್ರಾನೋಲಾ ಮಾಡುತ್ತಿದ್ದಳು. "ಮಾವಾರ, ಇದೂ ಓಟ್ಸ್‌ದ ಐತ್ರಿ. ಆದ್ರ ಚೂಡಾದ ಹಂಗ ಕುರುಂ ಕುರುಂ ಅಂತೈತಿ."

ನೋಡಿದೆ. ಓಟ್ಸು, ಶೇಂಗಾ, ಎಳ್ಳು, ಅಗಸಿ, ಒಣ ಕೊಬ್ಬರಿ. ಎಲ್ಲ ಹುರಿದು, ಸಿಹಿ ಕಲಸಿ, ಮತ್ತೆ ಹುರಿದು, ಆರಿದ ಮೇಲೆ ಒಣದ್ರಾಕ್ಷಿ ಬೆರೆಸುವುದು. ಇದರಲ್ಲಿ ಹೊಸದೇನು? ಪಂಚಮಿಗೆ ನಮ್ಮ ಹೆಂಗಸರು ಮಾಡುವ ಉಂಡಿಯೇ, ಕಟ್ಟುವ ಮೊದಲು ಕೈಬಿಟ್ಟದ್ದು. ಉಂಡಿ ಕಟ್ಟಲು ಬೇಸರವಾದ ಯಾರೋ ಇದಕ್ಕೊಂದು ಹೆಸರಿಟ್ಟಿರಬೇಕು.

"ಇದನ್ನ ನಾನ ಮಾಡತೀನಿ" ಎಂದೆ. ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

ಫೋನಿನಾಕೆ ಜೇನು ಹಾಕು ಅಂದಿದ್ದಳು. ಸುತ್ತ ನಾಲ್ಕೂ ದಿಕ್ಕಿಗೆ ಕಬ್ಬಿರುವ ನಾಡಿನಲ್ಲಿ ಕೂತು ಬಾಟಲಿಯ ಜೇನು ಯಾಕೆ? ಬೆಲ್ಲ ಕುದಿಸಿದೆ. ಪಾಕ ನನಗೆ ಗೊತ್ತು ಎಂದುಕೊಂಡೇ ಕುದಿಸಿದೆ. ಎಲ್ಲ ಕಲಸಿ ಅಗಲವಾದ ಪರಾತಕ್ಕೆ ಸುರಿದು ಹೊರಗೆ ಹೋಗಿ ಪೇಪರ್ ಓದಿ ಬರುವಷ್ಟರಲ್ಲಿ ಅದು ಪರಾತದ ಜೊತೆ ಒಂದಾಗಿತ್ತು. ಕಟ್ಟೆಗೆ ಬಡಿದೆ. ಪರಾತ ನೆಗ್ಗಿತು, ಗ್ರಾನೋಲಾ ಅಲುಗಲಿಲ್ಲ.

"ಹಿತ್ತಲದಾಗ ಹಾಸ್ರಿ. ಅರಬಿ ಒಗ್ಯಾಕ ಕಲ್ಲಾದ್ರೂ ಆಕ್ಕೈತಿ" ಎಂದಳು ಗೌರವ್ವ.

ಎರಡನೇ ಸಲ ಕಡಾಯಿ ಸುಟ್ಟಿತು. ಮೂರನೇ ಸಲಕ್ಕೆ ಅಹಂಕಾರ ಇಳಿಸಿ ಜೇನು ತಂದೆ. ಜೇನಿಗೆ ಪಾಕದ ಗೊಡವೆಯೇ ಇಲ್ಲ, ಸ್ವಲ್ಪ ಬೆಚ್ಚಗೆ ಮಾಡಿ ಕಲಸಿದರೆ ಆಯಿತು. ಸಣ್ಣ ಉರಿಯಲ್ಲಿ ಅರ್ಧ ತಾಸು ಕೈ ಬಿಡದೆ ತಿರುವಿದೆ. ಬಂಗಾರದ ಬಣ್ಣ ಬಂತು. ಬಾಯಲ್ಲಿಟ್ಟರೆ ಕುರುಂ ಎಂದಿತು. ಗೌರವ್ವ ಒಂದು ಹಿಡಿ ತಿಂದು ಇನ್ನೊಂದು ಹಿಡಿ ತೆಗೆದುಕೊಂಡಳು. ಐವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಸಿಕ್ಕಿಲ್ಲ.

ಹೊಗಳಿಕೆ ಎಷ್ಟು ಕೆಟ್ಟದ್ದು ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಮಗ್ಗದಲ್ಲಿ ಲೆಕ್ಕವಿಲ್ಲದಷ್ಟು ಸೀರೆ ನೇಯಿಸಿದೆ. ಜನ ಸೀರೆಯನ್ನು ಹೊಗಳಿದರು, ಉಟ್ಟವಳನ್ನು ಹೊಗಳಿದರು, ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಈಗ ಓಣಿಯವರು ತಿಂದು "ಶಿವಪ್ಪಣ್ಣಾರ ಮಾಡಿದ್ದಂತ" ಅನ್ನತೊಡಗಿದರು. ಬೀಳಗಿಯಲ್ಲಿರುವ ಮಗಳಿಗೆ ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸಿದೆ. ಅವಳ ಅತ್ತೆ ಫೋನು ಮಾಡಿ ಮಾಡುವ ರೀತಿ ಕೇಳಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇನ್ನೊಂದು ಡಬ್ಬಿ ತುಂಬಿಕೊಂಡು ಚಿಮ್ಮಡದ ಆಟೋ ಹತ್ತಿದೆ.

ಚಿಮ್ಮಡದಲ್ಲಿ ಪಾರೀಸಪ್ಪ ಇದ್ದಾನೆ. ಜಮಖಂಡಿಯಲ್ಲಿ ಹೈಸ್ಕೂಲು ಓದುವಾಗ ಇಬ್ಬರೂ ಒಂದೇ ಬಾಡಿಗೆ ಖೋಲಿಯಲ್ಲಿದ್ದವರು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮಗ್ಗಕ್ಕೆ ಹೋದೆ, ಅವನು ಹೊಲಕ್ಕೆ ಹೋದ. ಗೆಳೆತನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವನು ಜೈನ. ಅವರಲ್ಲಿ ಜೇನು ನಿಷಿದ್ಧ. ಹುಳಗಳ ಮನೆ ಕೆಡವಿ ತಂದದ್ದು ಎಂದು ಮುಟ್ಟುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಖೋಲಿಯಲ್ಲಿದ್ದಾಗ ಒಮ್ಮೆ ಅವನಿಗೆ ಕೆಮ್ಮು ಹತ್ತಿತ್ತು. ಮನೆ ಮಾಲೀಕರ ಹೆಂಡತಿ ಕನಿಕರದಿಂದ ಯಾವುದೋ ಪುಡಿಯನ್ನು ಜೇನಿನಲ್ಲಿ ಕಲಸಿ ತಂದರು. ಇವನು ಬಾಯಿ ಮುಚ್ಚಿಕೊಂಡು ಕೈ ಮುಗಿದ. ಹದಿನೈದು ವರ್ಷದ ಹುಡುಗ ಎಂಟು ದಿನ ಕೆಮ್ಮಿದನೇ ಹೊರತು ಬಾಯಿ ತೆರೆಯಲಿಲ್ಲ.

ಇಷ್ಟು ಗೊತ್ತಿದ್ದೂ ಆ ಡಬ್ಬಿ ಒಯ್ದೆನೇ? ಒಯ್ದೆ. ನೆನಪೇ ಆಗಲಿಲ್ಲ. ತಲೆಯ ತುಂಬ ನಾನೇ ಇದ್ದೆ, ಅವನಿಗೆ ಜಾಗ ಎಲ್ಲಿತ್ತು?

"ಏನ ತಂದೀಯಲೇ ಶಿವ್ಯಾ?"

"ತಿಂದ ನೋಡು. ನಾನ ಮಾಡಿದ್ದು."

"ನೀ ಮಾಡಿದ್ದಾ? ತಡಿ, ದವಾಖಾನಿ ಬಾಗಲಾ ತಗದೈತೇನ ನೋಡಿ ಬರತೀನಿ" ಎನ್ನುತ್ತಲೇ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ತುಂಬಿಕೊಂಡ.

ಕುರುಂ ಎಂದಿತು. ನನಗೆ ನೆನಪಾದದ್ದು ಆಗ.

ಹೇಳಬೇಕಿತ್ತು. ನಾಲಿಗೆ ಎದ್ದಿತ್ತು ಕೂಡ. ಅಷ್ಟರಲ್ಲಿ ಅವನು ಕಣ್ಣರಳಿಸಿ, "ಹುಚ್ಚಪ್ಪಾ, ಇಷ್ಟ ದಿನ ಮಗ್ಗದಾಗ ಯಾಕ ಕುಂತಿದ್ದಿ?" ಎಂದ. ಆ ಮಾತು ನನಗೆ ಎಷ್ಟು ಸಿಹಿಯಾಯಿತೆಂದರೆ ನಾಲಿಗೆ ಮತ್ತೆ ಕೂತುಬಿಟ್ಟಿತು. ಅವನ ಹೆಂಡತಿ ಪದ್ಮಕ್ಕ ಚಹಾ ತಂದರು. ಅಂಗೈ ಮೇಲೆ ಸ್ವಲ್ಪ ಸುರಿದುಕೊಂಡು, ಬಾಯಿಗೆ ಹಾಕದೆ ಕೇಳಿದರು:

"ಸೀ ಎದರದ್ರಿ ಅಣ್ಣಾರ? ಬೆಲ್ಲದ್ದಾ?"

"ಹೂಂ ವೈನಿ, ಬೆಲ್ಲದ್ದು" ಎಂದೆ.

ಆಮೇಲೆ ಅವರು ಬಾಯಿಗೆ ಹಾಕಿಕೊಂಡರು.

ಇಷ್ಟೇ ನಡೆದದ್ದು. ಕೈಯಲ್ಲಿ ಹಿಡಿದಿದ್ದ ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿಯೇ ಮನಸ್ಸು ನನ್ನ ಪರ ವಾದ ಶುರು ಮಾಡಿತು. ಇಡೀ ಕಡಾಯಿಗೆ ನಾಲ್ಕು ಚಮಚ ಜೇನು, ಒಂದು ಹಿಡಿಯಲ್ಲಿ ಎಷ್ಟು ಬಂದೀತು? ಅವರಿಗೆ ಗೊತ್ತಿಲ್ಲದೆ ತಿಂದದ್ದು ಅವರ ತಪ್ಪು ಹೇಗಾದೀತು? ಹೇಳಿ ಅವರ ಮನಸ್ಸು ನೋಯಿಸುವುದಕ್ಕಿಂತ ಸುಮ್ಮನಿರುವುದೇ ಪುಣ್ಯವಲ್ಲವೇ? ನೋಡಿ, ಸುಳ್ಳನ್ನು ಪುಣ್ಯದವರೆಗೆ ತಂದು ಬಿಟ್ಟಿತು. ನಮ್ಮ ನಮ್ಮ ಮನಸ್ಸಿನಷ್ಟು ಹುಷಾರಾದ ವಕೀಲ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಹತ್ತು ದಿನ ಆ ವಾದದ ಮೇಲೆ ಆರಾಮಾಗಿದ್ದೆ. ಹನ್ನೊಂದನೇ ದಿನ ಪಾರೀಸಪ್ಪನ ಫೋನು.

"ಲೇ ಶಿವ್ಯಾ, ಡಬ್ಬಿ ಖಾಲಿ ಆತು. ಐತವಾರ ತೇರದಾಳದಿಂದ ನಿಮ್ಮ ವೈನಿಯ ಅಕ್ಕಾರ ಬರಾಕತ್ತಾರ. ಅವರು ಹೊರಗಿಂದು ಏನೂ ಬಾಯಾಗ ಹಾಕೂದಿಲ್ಲ. ಶಿವಪ್ಪಣ್ಣಾರ ಮನೀದಂದ್ರ ನಮ್ಮ ಮನೀದ ಇದ್ದಂಗ ಅಂತ ಇಕಿ ಹೇಳಿ ಬಿಟ್ಟಾಳ. ಇನ್ನೊಂದ ಡಬ್ಬಿ ಮಾಡಿಕೊಂಡ ಬಾ."

ಫೋನು ಇಟ್ಟೆ. ಸುಲಭದ ದಾರಿ ಕಣ್ಣ ಮುಂದೆಯೇ ಇತ್ತು. ಈ ಸಲ ಸವಿತಾಳಿಂದ ಕಲಿತು ಬೆಲ್ಲದ್ದು ಮಾಡಿ ಒಯ್ಯುವುದು. ಯಾರಿಗೂ ಗೊತ್ತಾಗುವುದಿಲ್ಲ. ಗೌರವ್ವನ ಮುಂದೆ ಎಲ್ಲವನ್ನೂ ಹೇಳಿ ಈ ಉಪಾಯವನ್ನೂ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮಾಡ್ರಿ. ಅಕ್ಕಾರ ನೇಮ ಉಳೀತೈತಿ. ಮೊದಲಿನ ಡಬ್ಬಿಗೆ ಏನ ಮಾಡ್ತೀರಿ?"

ಶನಿವಾರ ಮುಂಜಾನೆ ಬರಿಗೈಯಲ್ಲಿ ಚಿಮ್ಮಡಕ್ಕೆ ಹೋದೆ. ಪಾರೀಸಪ್ಪ ಆಗಷ್ಟೇ ಹೊಲದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ.

"ಡಬ್ಬಿ ಎಲ್ಲೋ?"

"ತಂದಿಲ್ಲ. ಪಾರ್ಯಾ, ಅವತ್ತಿನ ಡಬ್ಯಾಗ ಬೆಲ್ಲ ಇದ್ದಿಲ್ಲ."

"ಸಕ್ರಿ ಹಾಕಿದ್ದೇನ? ಅಷ್ಟ ಹೇಳಾಕ ಇಲ್ಲೀತನಕಾ ಬಂದಿ?"

"ಜೇನ ಹಾಕಿದ್ದೆ."

ತಂಬಿಗೆ ಬಾಗಿದ ಹಾಗೆಯೇ ನಿಂತಿತು. ನೀರು ಕಾಲಿನ ಮೇಲೆ ಬೀಳದೆ ಪಕ್ಕದಲ್ಲಿ ಹರಿದು ಹೋಯಿತು. ಪದ್ಮಕ್ಕ ಬಾಗಿಲಲ್ಲಿ ನಿಂತಿದ್ದರು ಎಂಬುದನ್ನು ನಾನು ಆಮೇಲೆ ನೋಡಿದೆ.

"ಮರತಿದ್ದೇನ?" ಎಂದು ಕೇಳಿದ. ಹೌದು ಅನ್ನಲಿ ಎಂಬ ಆಸೆ ಅವನ ದನಿಯಲ್ಲೇ ಇತ್ತು.

"ಮರತಿದ್ದೆ. ನೀ ಬಾಯಾಗ ಹಾಕ್ಕೊಂಡ ಕೂಡಲೇ ನೆನಪಾತು."

"ಆಗ ಹೇಳಬೇಕಿಲ್ಲ? ಉಗಳಿ, ಬಾಯಿ ಮುಕ್ಕಳಿಸಿ, ನಿನಗ ನಾಕ ಬೈದು ಬಿಡತಿದ್ದೆ. ಮುಗೀತಿತ್ತು. ಈಗ ನಾ ಏನ ಉಗಳಲಿ?"

ಪದ್ಮಕ್ಕ ಬೈಯಲೂ ಇಲ್ಲ. "ನಾ ಕೇಳಿದ್ದೆನೆಲ್ರಿ ಅಣ್ಣಾರ" ಎಂದರು. ಒಳಗೆ ಹೋದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವತ್ತೇ ಗಂಡ-ಹೆಂಡತಿ ಬಸದಿಗೆ ಹೋಗಿ ಬಂದರು. ಎಂಟು ದಿನ ಒಂದೇ ಹೊತ್ತು ಉಂಡರು. ತಪ್ಪು ನನ್ನದು, ಉಪವಾಸ ಅವರದು. ಇದು ಎಲ್ಲಿಯ ನ್ಯಾಯ?

"ನಾ ಏನ ಮಾಡಲಿ ಹೇಳು" ಎಂದು ಆ ಶನಿವಾರ ಹೊರಡುವಾಗ ಕೇಳಿದ್ದೆ. ಪಾರೀಸಪ್ಪ ತಂಬಿಗೆ ಕೆಳಗಿಟ್ಟ.

"ವಾರಾ ವಾರಾ ಪೇಪರಿನ್ಯಾಗ ಮಂದಿ ತಪ್ಪ ಬರೀತಿ. ಗಟಾರ ಬಳೀಲಿಲ್ಲ ಅಂತಿ, ಬಸ್ ಟೈಮಿಗೆ ಬರಲಿಲ್ಲ ಅಂತಿ. ಒಂದ ವಾರ ನಿಂದ ಬರಿ. ನನ್ನ ಹೆಸರೂ ಹಾಕು. ತಿಂದದ್ದು ಖರೇನ ಐತಲ್ಲ, ಮುಚ್ಚೂದ್ಯಾಕ?"

ಅದಕ್ಕೇ ಈ ವಾರ ಗಟಾರ ಇಲ್ಲ.

ಈಗ ಎಲ್ಲರ ಮನೆಯಲ್ಲೂ ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಬಂದಿದೆ. ಒಳ್ಳೆಯದೇ. ಕನ್ನಡಕ ಹಾಕಿಕೊಂಡು ಇರುವೆ ಸಾಲಿನಂಥ ಅಕ್ಷರ ಓದುತ್ತೇವೆ, ಯಾವ ಎಣ್ಣೆ, ಎಷ್ಟು ಸಕ್ಕರೆ, ಎಂದು ಮಾಡಿದ್ದು ಅಂತ. ಅದೇ ಯಾರಾದರೂ "ಮನೀದು" ಎಂದು ಒಂದು ಡಬ್ಬಿ ಕೊಡಲಿ, ಎಲ್ಲ ಕನ್ನಡಕ ಜೇಬಿಗೆ ಹೋಗುತ್ತವೆ. ಕಂಪನಿ ಸುಳ್ಳು ಬರೆದರೆ ಕೇಸು ಹಾಕಬಹುದು. ಮನೆಯ ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ. ಮಾಡಿದವನ ಬಾಯಿಯೇ ಅದರ ಲೇಬಲ್. ಕೇಳಿದಾಗ ಅದು ಸರಿಯಾಗಿ ಹೇಳದಿದ್ದರೆ ಎಷ್ಟು ಶುದ್ಧ ಶೇಂಗಾ ಹಾಕಿ ಏನು ಉಪಯೋಗ?

ಹೇಳುತ್ತೇನೆಂದ ಟಿಪ್ಸ್ ಇಲ್ಲಿದೆ. ಎರಡು ಬಟ್ಟಲು ಓಟ್ಸನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಶೇಂಗಾ, ಎಳ್ಳು, ಅಗಸಿ, ಕೊಬ್ಬರಿ ಬೇರೆ ಬೇರೆ ಹುರಿಯಿರಿ, ಒಟ್ಟಿಗೆ ಹಾಕಿದರೆ ಎಳ್ಳು ಮೊದಲು ಸುಡುತ್ತದೆ. ಅರ್ಧ ಬಟ್ಟಲು ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಬೆರಳಿಗೆ ಅಂಟುವಷ್ಟಾದರೆ ಸಾಕು, ಎಳೆ ಬರುವ ತನಕ ಕಾಯಬೇಡಿ. (ನಾನು ಕಾದಿದ್ದೆ. ಪರಾತ ಇನ್ನೂ ನೆಗ್ಗಿದೆ.) ಎಲ್ಲ ಕಲಸಿ ಮತ್ತೆ ಹದಿನೈದು ನಿಮಿಷ ತಿರುವಿ, ಅಗಲವಾಗಿ ಹರಡಿ ಆರಲು ಬಿಡಿ. ಪೂರ್ತಿ ಆರಿದ ಮೇಲೆಯೇ ಕುರುಂ ಎನ್ನುವುದು, ಅವಸರ ಮಾಡಬೇಡಿ. ಒಣದ್ರಾಕ್ಷಿಯನ್ನೂ ಆಮೇಲೆಯೇ ಬೆರೆಸಿ. ಪಾಕ ಬೆಚ್ಚಗಿರುವಾಗಲೇ ಸ್ವಲ್ಪ ತೆಗೆದು ಉಂಡಿ ಕಟ್ಟಿದರೆ ಮೊಮ್ಮಕ್ಕಳೂ ತಿನ್ನುತ್ತವೆ. ಇಷ್ಟನ್ನೂ ಸವಿತಾ ನನಗೆ ಬೈಯುತ್ತ ಬೈಯುತ್ತ ಕಲಿಸಿದಳು.

ಅವರ ಎಂಟು ದಿನ ಮುಗಿದ ಮೇಲೆ ಬೆಲ್ಲದ್ದನ್ನು ಒಯ್ದೆ. ಪದ್ಮಕ್ಕ ಚಹಾ ಕೊಟ್ಟರು, ಮಾತು ಸ್ವಲ್ಪ ಕಮ್ಮಿ ಇತ್ತು. ಅಕ್ಕನವರು ಬಂದು ಹೋಗಿದ್ದರಂತೆ, ಅವರಿಗೆ ಅವಲಕ್ಕಿ ಮಾಡಿದ್ದರಂತೆ. ಪಾರೀಸಪ್ಪ ಡಬ್ಬಿ ತೆರೆದ. ಕೈ ಹಾಕಲು ಹೋಗಿ ನಿಲ್ಲಿಸಿದ. ನನ್ನ ಮುಖ ನೋಡಿದ.

"ಇದರಾಗ ಏನೇನ ಐತಿ?"

ಒಂದೊಂದೇ ಹೇಳಿದೆ. ಓಟ್ಸು, ಶೇಂಗಾ, ಎಳ್ಳು, ಅಗಸಿ, ಕೊಬ್ಬರಿ, ದ್ರಾಕ್ಷಿ, ಬೆಲ್ಲ, ತುಪ್ಪ. ಚಿಟಿಕೆ ಉಪ್ಪನ್ನೂ ಬಿಡಲಿಲ್ಲ. ಅವನು ತಲೆಯಾಡಿಸಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ.

"ಛಲೋ ಆಗೈತಿ" ಎಂದ.

ಆಗಿರಬಹುದು. ನನಗೆ ಹೊಗಳಿಕೆ ಕೇಳಿಸಲಿಲ್ಲ, ಪ್ರಶ್ನೆಯಷ್ಟೇ ಕೇಳಿಸಿತು. ಜಮಖಂಡಿಯ ಖೋಲಿಯಲ್ಲಿ ನನ್ನ ಬುತ್ತಿ ಬಿಚ್ಚಿ ಉಂಡ ದಿನದಿಂದ ಇಲ್ಲಿಯವರೆಗೆ ಅವನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಓಟ್ಸ್ ತಿಂದರೆ ಆಯುಷ್ಯ ಹೆಚ್ಚುತ್ತದೆ ಅನ್ನುತ್ತಾರೆ. ಅವನು ಮತ್ತೆ ಕೇಳದೆ ತಿನ್ನುವ ದಿನದ ತನಕ ನನ್ನದು ಹೆಚ್ಚೀತೇ?